ರಸಮೇವಿನ ಉಂಡೆ ಎತ್ತಲು ಯಾವ ಸಲಕರಣೆ?



ಮುಸುಕಿನ ಜೋಳವನ್ನು ಹಸಿಯಾಗಿಯೇ ಕತ್ತರಿಸಿ, ಉಂಡೆ ಕಟ್ಟಿ, ಪ್ಲಾಸ್ಟಿಕ್ ಹಾಳೆ ಸುತ್ತಿಡುವ ರಸಮೇವು ನಿಮ್ಮಲ್ಲಿ ಅನೇಕರಿಗೆ ಗೊತ್ತು. 50 ಕಿಲೋ ಉಂಡೆಯನ್ನು ಇಬ್ಬರು ಆಳು ಎತ್ತಿಯಾರು. 400-500 ಕಿಲೋದ್ದಾದರೆ ಟ್ರ್ಯಾಕ್ಟರೇ ಬೇಕು. ಅದರ ಮುಂದೆ ಏನು ಜೋಡಿಸಬೇಕು? ಇಲ್ಲಿ ನಾನೇ ಒಮ್ಮೆ ಎಡವಿದ್ದೇನೆ, ಕೇಳಿ.

ಒಣಹುಲ್ಲಿನ ಉಂಡೆಗೆ ಚುಚ್ಚುವ ಕಬ್ಬಿಣದ ಮುಳ್ಳು ಇರುತ್ತದಲ್ಲ, ಅದರಲ್ಲೇ ಕೆಲಸ ನಡೆಸಿ ಅಂತ ಒಬ್ಬ ಹೈನುಗಾರರಿಗೆ ಹೇಳಿಬಿಟ್ಟೆ. ತಿಂಗಳು ಕಳೆದು ಬಿಚ್ಚಿದರೆ ತೂತಿನ ಸುತ್ತ ಬೂಷ್ಟು, ಕಾವು, ಮುಗ್ಗುಲು ವಾಸನೆ. ಹಸು ಮೂಸಿ ಮುಖ ತಿರುಗಿಸಿತು. ಆ ಯಜಮಾನರು ನನ್ನನ್ನು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ರಸಮೇವು ಹದವಾಗಿ ಹುಳಿಯಾಗುವುದು ಗಾಳಿಯಿಲ್ಲದ ಕಡೆ. ತೂತಿನಿಂದ ಗಾಳಿ ಹೊಕ್ಕಿತೋ, ಬೂಷ್ಟಿಗೆ ಹಬ್ಬ.

ಆದ್ದರಿಂದ ಹಾಳೆ ಸುತ್ತಿದ ಉಂಡೆಗೆ ಎರಡೂ ಕಡೆಯಿಂದ ತಬ್ಬಿ ಹಿಡಿಯುವ ಇಕ್ಕಳವನ್ನೇ ಆರಿಸಿರಿ. ತೋಳುಗಳು ದುಂಡು ಕೊಳವೆಯವಾಗಿರಲಿ. ಬೆಸುಗೆಯ ಗಂಟು ಉಳಿದಿದೆಯೇ ಎಂದು ಕೈಯಾಡಿಸಿ ನೋಡಿ. ಅಂಥ ಒಂದು ಗಂಟು ಸಾಕು, ಹಾಳೆ ಹರಿಯಲು. ಇಕ್ಕಳದ ತೂಕ ಎಷ್ಟೆಂದು ಮಾರುವವರನ್ನು ತಪ್ಪದೆ ಕೇಳಿ. ಲೋಡರು ಎತ್ತುವ ಭಾರದಲ್ಲಿ ಅದನ್ನು ಕಳೆದು ಉಳಿದದ್ದಷ್ಟೇ ಉಂಡೆಯ ಪಾಲು. ಟ್ರ್ಯಾಕ್ಟರಿನ ಹಿಂದೆ ಎದುರು ಭಾರ ಕಟ್ಟಿ, ಉಂಡೆಯನ್ನು ನೆಲಕ್ಕೆ ಹತ್ತಿರವಾಗಿಯೇ ಒಯ್ಯಿರಿ.

ಮುಳ್ಳನ್ನು ಗುಜರಿಗೆ ಹಾಕಬೇಕಿಲ್ಲ. ಅಂದೇ ಬಿಚ್ಚಿ ತಿನ್ನಿಸುವ ಉಂಡೆಗೆ ಚುಚ್ಚಬಹುದು. ಅಕಸ್ಮಾತ್ ಹಾಳೆ ಹರಿದರೆ ಒರೆಸಿ ಒಣಗಿಸಿ, ರಸಮೇವಿಗೆಂದೇ ಸಿಗುವ ಅಂಟುಪಟ್ಟಿಯನ್ನು ಕೂಡಲೇ ಹಚ್ಚಿರಿ, ನಾಳೆಗೆ ಬಿಡಬೇಡಿ.