ಮದುವೆ ಊಟದ ಬಿಲ್ ಓದೋಣ ಬರ್ರಿ

(ಸಂತೆಕಲ್ಲೂರಿನ ಕಲಿಯುವವರ ಮುಂದೆ ಆಡಿದ ಮಾತು)



ನಮ್ಮ ಸಂತೆಕಲ್ಲೂರಿಗೆ ಪುಸ್ತಕ ಹೊಸದಲ್ಲ. ‘ಕೃಷಿ ಜ್ಞಾನ ಪ್ರದೀಪಿಕೆ’ ಬರೆದ ಘನಮಠದ ನಾಗಭೂಷಣ ಶಿವಯೋಗಿಗಳ ಊರು ಇದು. ಒಕ್ಕಲುತನವನ್ನೂ ಬರೆದಿಡಬೇಕು ಎಂದು ತಿಳಿದವರು ಅವರು. ನಾವು ಮಾತ್ರ ಮದುವೆ ಊಟದ ವ್ಯವಹಾರವನ್ನು ಇನ್ನೂ ಬಾಯಿಮಾತಿನಲ್ಲೇ ಮುಗಿಸುತ್ತೇವೆ. ಹಾಗೆ ಮುಗಿಸಿ ನಮ್ಮ ಮನೆಯಲ್ಲೇ ಏಟು ತಿಂದೆವು. ಅದನ್ನೇ ಇವತ್ತು ಹೇಳುತ್ತೇವೆ.

2023ರ ಬೇಸಿಗೆಯಲ್ಲಿ ನಮ್ಮ ತಂಗಿಯ ಮಗಳ ಲಗ್ನ. ಮೊದಲೆಲ್ಲ ಅಕ್ಕಿ, ಬೇಳೆ, ಬೆಲ್ಲ ನಾವೇ ತರುತ್ತಿದ್ದೆವು. ಅಡಿಗಿಯವರಿಗೆ ಕೂಲಿ ಕೊಡುತ್ತಿದ್ದೆವು. ಬಡಿಸೋದಕ್ಕೆ ಓಣಿಯ ಹುಡುಗರು ಬರುತ್ತಿದ್ದರು. ಈ ಸಲ ಕ್ಯಾಟರಿಂಗ್‌ನವರಿಗೇ ಒಪ್ಪಿಸೋಣ ಎಂದರು. ಗೋಧಿ ಹುಗ್ಗಿ, ರೊಟ್ಟಿ, ಬದನೆಕಾಯಿ ಪಲ್ಯ, ಮಿರ್ಚಿ, ಅನ್ನ, ಸಾರು. ಒಂದು ಎಲೆಗೆ 140 ರೂಪಾಯಿ. 500 ಎಲೆ. ಅಂದರೆ 70,000 ರೂಪಾಯಿ. "ಎಲ್ಲಾ ಸೇರಿ ಏನ್ರೀ?" ಎಂದು ಕೇಳಿದೆವು. "ಅದೇನ್ ನೋಡ್ಕೊಂಡ್ರಾತು ಬಿಡ್ರಿ, ನಿಮ್ಮನಿ ಬ್ಯಾರೆ, ನಮ್ಮನಿ ಬ್ಯಾರೆ ಏನು?" ಎಂದರು. ಬಯಾನಾ ಕೊಟ್ಟು ಬಂದೆವು. ಚೀಟಿ ಬರೆಸಲಿಲ್ಲ.

ಲಗ್ನದ ದಿನ ಸಂಜೆ, ಬೀಗರು ಇನ್ನೂ ಕೂತಿದ್ದಾರೆ, ಬಿಲ್ ಬಂತು. 500 ಎಲೆಗೆ 70,000. ಹೆಚ್ಚಿಗೆ ಎಲೆ 60, ಅದಕ್ಕೆ 8,400. ಸಿಲಿಂಡರ್ ನಾಲ್ಕು, 7,600. ಪಾತ್ರೆ ತಂದು ಒಯ್ದಿದ್ದಕ್ಕೆ 3,500. ಸರ್ವಿಸ್ ಚಾರ್ಜ್ 5,000. ಇಷ್ಟಕ್ಕೇ 94,500 ಆಯಿತು. ಕೆಳಗೆ ಇನ್ನೊಂದು ಸಾಲು. ಜಿಎಸ್‌ಟಿ ನೂರಕ್ಕೆ 18ರಂತೆ 17,010. ಒಟ್ಟು 1,11,510 ರೂಪಾಯಿ!

ಮಾತಾಡಿದ್ದಕ್ಕಿಂತ 41,510 ಹೆಚ್ಚು. ಬೀಗರ ಮುಂದೆ ಜಗಳ ತೆಗೆಯೋದು ಹೆಂಗೆ? ತಂಗಿ ಒಳಗೆ ಹೋಗಿ ಕೊರಳಿನ ಬೋರಮಾಳ ಸರ ಬಿಚ್ಚಿ ಕೊಟ್ಟಳು. ಅದನ್ನು ಅಡವಿಟ್ಟು ಬಿಲ್ ಕಟ್ಟಿದೆವು.

ನಾಲ್ಕು ದಿನ ಆದ ಮೇಲೆ ಆ ಬಿಲ್ಲನ್ನು ಒಂದೊಂದೇ ಸಾಲು ಓದಿದೆವು. ತಲೆಯ ಮೇಲೆ ದೇವರ ಹೆಸರಿತ್ತು. ಫೋನ್ ನಂಬರ್ ಇತ್ತು. ತೆರಿಗೆ ನಂಬರ್ ಎಲ್ಲಿಯೂ ಇರಲಿಲ್ಲ.

ಇಲ್ಲಿ ಸ್ವಲ್ಪ ಗಮನ ಕೊಡಿರಿ. ಜಿಎಸ್‌ಟಿ ಎಂಬ ತೆರಿಗೆ ಬಂದದ್ದು 2017ರ ಜುಲೈ 1ರಂದು. ಮದುವೆಗೆ ಬಂದು ಊಟ ಹಾಕುವ ಕೆಲಸಕ್ಕೆ ಆಗ ನೂರಕ್ಕೆ 18 ಇತ್ತು. 2019ರ ಅಕ್ಟೋಬರ್ 1ರಿಂದ ಅದು ನೂರಕ್ಕೆ 5 ಆಯಿತು. ಎರಡೂವರೆ ಕೇಂದ್ರಕ್ಕೆ, ಎರಡೂವರೆ ರಾಜ್ಯಕ್ಕೆ. ದೊಡ್ಡ ದೊಡ್ಡ ಹೋಟೆಲಿನೊಳಗೆ ಮಾಡುವ ಮದುವೆಗೆ 18 ಇರಬಹುದು. ನಮ್ಮ ಊರ ಹಂದರದ ಮದುವೆಗೆ ಅದು ಬರೋದಿಲ್ಲ. ಹಳೆಯ 18 ಇನ್ನೂ ಕೆಲವರ ಬಾಯಲ್ಲಿ ಐತಿ. ಮರೆತು ಹೇಳ್ತಾರೋ, ತಿಳಿದೇ ಹೇಳ್ತಾರೋ, ದೇವರಿಗೇ ಗೊತ್ತು.

ಇನ್ನು ಆ 5 ಕೂಡ ಎಲ್ಲರೂ ಕೇಳುವಂತಿಲ್ಲ. ವರ್ಷಕ್ಕೆ 20 ಲಕ್ಷ ರೂಪಾಯಿಗಿಂತ ಹೆಚ್ಚು ವ್ಯವಹಾರ ಮಾಡುವ ಕ್ಯಾಟರಿಂಗ್‌ನವರು ನೋಂದಣಿ ಮಾಡಿಸಬೇಕು. 70,000 ರೂಪಾಯಿಯ 28 ಮದುವೆ ಮಾಡಿದರೆ 19 ಲಕ್ಷ 60 ಸಾವಿರ. ಇಪ್ಪತ್ತೊಂಬತ್ತನೆಯ ಮದುವೆಗೆ ಗೆರೆ ದಾಟುತ್ತದೆ. ನೋಂದಣಿ ಆದವರಿಗೆ 15 ಅಕ್ಷರ-ಅಂಕಿಗಳ ಒಂದು ನಂಬರ್ ಕೊಡುತ್ತಾರೆ. ಕರ್ನಾಟಕದ ನಂಬರ್ 29ರಿಂದ ಸುರುವಾಗುತ್ತದೆ. ಜಿಎಸ್‌ಟಿ ಇಲಾಖೆಯ ಜಾಲತಾಣದಲ್ಲಿ ಆ ನಂಬರ್ ಹಾಕಿದರೆ ಯಾರ ಹೆಸರಿನದು ಎಂದು ಬರುತ್ತದೆ. ಮನೆಯ ಹುಡುಗರ ಕೈಗೆ ಫೋನ್ ಕೊಟ್ಟು ನೋಡಿಸಿರಿ. ನೋಂದಣಿ ಇಲ್ಲದವರು ಜಿಎಸ್‌ಟಿ ಎಂದು ಒಂದು ರೂಪಾಯಿ ಕೂಡ ವಸೂಲಿ ಮಾಡುವಂತಿಲ್ಲ. ಹಾಗೆ ಪಡೆದ ಹಣ ಸರಕಾರಕ್ಕೆ ಹೋಗೋದಿಲ್ಲ, ಅವರ ಜೇಬಿಗೆ ಹೋಗುತ್ತದೆ. ಇನ್ನು ಕೆಲವರು ನೋಂದಣಿ ಮಾಡಿಸಿ ‘ಕಾಂಪೊಸಿಷನ್’ ಎಂಬ ಸರಳ ಪದ್ಧತಿಯಲ್ಲಿ ಇರುತ್ತಾರೆ. ಅವರು ತೆರಿಗೆಯನ್ನು ತಮ್ಮ ಗಂಟಿನಿಂದಲೇ ಕಟ್ಟಬೇಕು. ನಮ್ಮ ಬಿಲ್ಲಿಗೆ ಸೇರಿಸುವಂತಿಲ್ಲ. ಆ ಮಾತನ್ನು ಅವರು ಬಿಲ್ಲಿನ ಮೇಲೆಯೇ ಬರೆಯಬೇಕು.

ಇದನ್ನೆಲ್ಲ ತಿಳಿದುಕೊಂಡು ನಾವು ಮೂವರು ಆ ಮನುಷ್ಯನ ಮನೆಗೆ ಹೋದೆವು. ಜಗಳ ಮಾಡಲಿಲ್ಲ. "ನಿಮ್ಮ ಜಿಎಸ್‌ಟಿ ನಂಬರ್ ಬಿಲ್ ಮ್ಯಾಲ ಬರದ ಕೊಡ್ರೀ ಅಣ್ಣಾರ" ಎಂದೆವು, ಅಷ್ಟೆ. ಒಂದು ಗಳಿಗೆ ಸುಮ್ಮನಾದರು. ಚಹಾ ತರಿಸಿದರು. ಎರಡು ಕಂತಿನಲ್ಲಿ 17,010 ರೂಪಾಯಿ ವಾಪಸ್ ಬಂತು.

ಉಳಿದ 24,500 ಬರಲಿಲ್ಲ. ಯಾಕೆ? ತೆರಿಗೆಗೆ ಕಾಯಿದೆ ಐತಿ. ಸಿಲಿಂಡರ್, ಪಾತ್ರೆ, ಸಾಗಣೆ ಇವೆಲ್ಲ ನಾವೂ ಅವರೂ ಮಾಡಿಕೊಳ್ಳುವ ಒಪ್ಪಂದ. "ಹೇಳಿದ್ದೆ" ಎಂದು ಅವರು, "ಹೇಳಿಲ್ಲ" ಎಂದು ನಾವು. ಕಾಗದ ಎಲ್ಲಿ? ಇಲ್ಲ.

ಸರ್ವಿಸ್ ಚಾರ್ಜ್ ಎಂದರೆ ಸರಕಾರದ ತೆರಿಗೆ ಎಂದು ನಾವು ತಿಳಿದಿದ್ದೆವು. ಅಲ್ಲ. ಅದು ಪೂರಾ ಅವರದೇ ಹಣ. ಹೋಟೆಲಿನವರು ಅದನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿದೆ. ಮದುವೆ ಊಟದಲ್ಲಿ ಬಡಿಸುವವರ ಕೂಲಿ ಎಲೆಯ ದರದಲ್ಲಿ ಸೇರಿದೆಯೋ ಇಲ್ಲವೋ ಎಂದು ಮೊದಲೇ ಕೇಳಬೇಕು.

ಎಲೆಯ ಲೆಕ್ಕ ಇನ್ನೊಂದು ತಂಟೆ. ಆ 60 ಎಲೆ ಹೆಚ್ಚು ಆದದ್ದು ಹೌದೋ ಅಲ್ಲವೋ, ಇವತ್ತಿಗೂ ನಮಗೆ ತಿಳಿದಿಲ್ಲ. ಅವರ ಕಡೆಯ ಅಡಿಗಿಯವರು, ಬಡಿಸುವವರು ಉಂಡದ್ದೂ ಅದರಲ್ಲಿ ಇತ್ತಂತೆ! ತಾಯಿಯ ತೊಡೆ ಮೇಲೆ ಕೂತು ಎರಡು ತುತ್ತು ಉಂಡ ಕೂಸಿಗೂ ಒಂದು ಎಲೆ. ಉಂಡ ಮನೆಯ ಜಂತಿ ಎಣಿಸಬಾರದು ಅಂತಾರೆ ಹಿರಿಯರು. ಖರೆ. ಆದರೆ ಉಣಿಸಿದವರು ಎಲೆ ಎಣಿಸಬೇಕಲ್ಲ! ಎಲೆಯ ಕಟ್ಟುಗಳನ್ನು ಬೆಳಿಗ್ಗೆ ಇಬ್ಬರ ಮುಂದೆ ಎಣಿಸಿ ಇಡಿರಿ. ಉಳಿದದ್ದನ್ನು ಸಂಜೆ ಎಣಿಸಿರಿ. ಕಳೆದರೆ ಲೆಕ್ಕ ಸಿಕ್ಕಿತು. ಕಳೆಯುವ ಲೆಕ್ಕ ನಿಮಗೆ ಈಗ ಬರುತ್ತದೆ.

ನೋಂದಣಿ ಇದ್ದವರು ಬಂದರೆ "ತೆರಿಗೆ ಸೇರಿ ಎಲೆಗೆ ಎಷ್ಟು?" ಎಂದೇ ಕೇಳಿರಿ. 140ಕ್ಕೆ 5ರಂತೆ 7 ರೂಪಾಯಿ ಕೂಡಿಸಿದರೆ 147. 500 ಎಲೆಗೆ 73,500. ಅವರು ಗ್ಯಾಸಿಗೆ, ಎಣ್ಣೆಗೆ ಕಟ್ಟಿದ ತೆರಿಗೆ ಎಲೆಯ ದರದ ಒಳಗೇ ಇರುತ್ತದೆ. ಅದನ್ನು ಬೇರೆ ಕೇಳಿದರೆ ಕೊಡಬೇಡಿರಿ. "ಬಿಲ್ ಬ್ಯಾಡ ಅಂದ್ರ ತೆರಿಗಿ ಬಿಡ್ತೀನಿ" ಎಂದು ಆಸೆ ತೋರಿಸುವವರೂ ಇದ್ದಾರೆ. ಬಿಲ್ ಇಲ್ಲದಿದ್ದರೆ ನಾಳೆ ಹುಗ್ಗಿ ಹಳಸಿದರೂ ಕೇಳೋದಕ್ಕೆ ಆಧಾರ ಇರೋದಿಲ್ಲ.

ಮೋಸ ಆಯಿತು ಎನಿಸಿದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ನೆನಪಿಡೋದು ಸುಲಭ. ನಮ್ಮ ಮಸ್ಕಿಯ ಅಶೋಕನ ಶಾಸನ ಬೆಳಕಿಗೆ ಬಂದ ವರ್ಷವೂ 1915! ಅದಕ್ಕೂ ಬಗ್ಗದಿದ್ದರೆ ರಾಯಚೂರಿನ ಜಿಲ್ಲಾ ಗ್ರಾಹಕರ ಆಯೋಗ ಐತಿ. ನಾವು ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ದೂರಿಗೆ ಶುಲ್ಕ ಇಲ್ಲ. ಎರಡು ವರ್ಷದ ಒಳಗೆ ದೂರು ಕೊಡಬೇಕು.

ತಂಗಿಯ ಸರ ಬಿಡಿಸಿಕೊಳ್ಳಲು ಮುಂದಿನ ಭತ್ತದ ಸುಗ್ಗಿ ತನಕ ಕಾಯಬೇಕಾಯಿತು. ಈಗ ಅವಳ ಎರಡನೆಯ ಮಗಳಿಗೆ ವರ ನೋಡುತ್ತಿದ್ದಾರೆ. ಮೊನ್ನೆ ಒಂದು ಹಾಳೆ ತಂದು ತೋರಿಸಿದಳು. ಎಷ್ಟು ಎಲೆ, ಎಲೆಗೆ ಎಷ್ಟು, ಗ್ಯಾಸ್ ಯಾರದು, ಪಾತ್ರೆ ಯಾರದು, ಬಡಿಸುವವರು ಎಷ್ಟು ಜನ, ಅವರ ಊಟ ಯಾರ ಲೆಕ್ಕ, ತೆರಿಗೆ ಸೇರಿದೆಯೋ ಇಲ್ಲವೋ, ಬಯಾನಾ ಎಷ್ಟು ಎಂದು ತನ್ನ ಕೈಯಿಂದಲೇ ಬರೆದಿದ್ದಾಳೆ. ಒತ್ತಕ್ಷರ ಎರಡು ತಪ್ಪಾಗಿದ್ದವು, ತಿದ್ದಿ ಕೊಟ್ಟೆವು. ಕೆಳಗೆ ಎರಡು ಸಹಿಗೆ ಜಾಗ ಬಿಟ್ಟಿದ್ದಾಳೆ.

ನಿಮ್ಮ ಮನೆಯಲ್ಲಿ ಹಳೆಯ ಊಟದ ಬಿಲ್ ಇದ್ದರೆ ನಾಳೆ ಸಂಜೆ ತರ್ರಿ. ಕೂತು ಓದೋಣ.