ಸಂಸಾರ ಸಮೇತ ಸಮುದ್ರ ವಿಹಾರ

ಸಮುದ್ರಮಟ್ಟಕ್ಕಿಂತ ಸುಮಾರು 3,000 ಅಡಿ ಎತ್ತರದಲ್ಲಿರುವ ಬೆಂಗಳೂರಿನವನು ಹಡಗಿನ ವಿಚಾರವಾಗಿ ಮಾತನಾಡಹೊರಟರೆ ಕೇಳುವವರಿಗೆ ನಗು ಬಂದೀತು. ನಾನಿರುವ ಸಹಕಾರನಗರದಿಂದ ಮಂಗಳೂರಿನ ಕಡಲಿಗೂ ಚೆನ್ನೈಯ ಕಡಲಿಗೂ ಹೆಚ್ಚು ಕಡಮೆ ಒಂದೇ ದೂರ. ಎರಡೂ 350 ಕಿಲೋಮೀಟರಿನ ಆಸುಪಾಸು. ನಮ್ಮ ಕಣ್ಣಿಗೆ ದಿನವೂ ಬೀಳುವ ದೊಡ್ಡ ನೀರೆಂದರೆ ಹೆಬ್ಬಾಳದ ಕೆರೆ. ಆದರೂ ಬಳ್ಳಾರಿ ರಸ್ತೆಯಲ್ಲಿ ವಿಮಾನ ನಿಲ್ದಾಣದ ಕಡೆಗೆ ಓಡುವ ಮೋಟಾರುಗಳಲ್ಲಿ, ಹೆಂಡತಿ ಮಕ್ಕಳೊಡನೆ ಹಡಗು ಹತ್ತಲು ಹೊರಟವರು ಈಚೆಗೆ ಅಪರೂಪವೇನಲ್ಲ. ಹೀಗೆ ಹೊರಡುವವರು ಹಡಗು ಹಡಗುಗಳನ್ನು ಹೋಲಿಸಿ ನೋಡುವಾಗ ಯಾವುದನ್ನು ಅಳೆಯಬೇಕು ಎಂಬ ವಿಷಯವಾಗಿ ನಾಲ್ಕು ಮಾತುಗಳನ್ನು ಹೇಳುವುದು ನನ್ನ ಉದ್ದೇಶ.

ನಮ್ಮ ಹಿರಿಯರು ಹಡಗನ್ನು ಏರಿದ್ದು ಎಲ್ಲಿಗಾದರೂ ಹೋಗಿ ಸೇರುವುದಕ್ಕಾಗಿ. 1936ರಲ್ಲಿ ಆಕ್ಸ್‌ಫರ್ಡಿಗೆ ಓದಲು ಹೊರಟ ವಿನಾಯಕ ಕೃಷ್ಣ ಗೋಕಾಕರಿಗೆ ಸಮುದ್ರವು ದಾಟಬೇಕಾದ ದಾರಿಯಾಗಿತ್ತು. ಆ ದಾರಿಯಿಂದ ಕನ್ನಡಕ್ಕೆ ‘ಸಮುದ್ರ ಗೀತೆಗಳು’ ದೊರೆತದ್ದು ನಮ್ಮ ಭಾಗ್ಯ. ವಿಹಾರ ನೌಕೆಯ ರೀತಿ ಬೇರೆ. ಅದು ಹೊರಟ ಬಂದರಿಗೇ ಬಹುಮಟ್ಟಿಗೆ ಹಿಂದಿರುಗುತ್ತದೆ. ಅದರಲ್ಲಿ ಹೋಗುವವನು ಹಣ ಕೊಡುವುದು ಊರು ಸೇರುವುದಕ್ಕಲ್ಲ, ಹಡಗಿನಲ್ಲಿ ಇರುವುದಕ್ಕೆ. ಆದುದರಿಂದ ಒಳಗಿನ ಬಾಳುವೆ ಹೇಗೆಂಬುದೇ ಇಲ್ಲಿ ಮುಖ್ಯವಾದ ಪ್ರಶ್ನೆಯಾಗುತ್ತದೆ.

ನಮ್ಮ ಬೀದಿಯ ಒಂದು ಮನೆಯಲ್ಲಿ ಈ ಪ್ರಶ್ನೆ ದೊಡ್ಡ ವ್ಯಾಜ್ಯಕ್ಕೆ ಕಾರಣವಾಯಿತು. ಮನೆಯಲ್ಲಿ ಐದು ಮಂದಿ: ಮಗ, ಸೊಸೆ, ಹದಿಮೂರು ವರ್ಷದ ಮೊಮ್ಮಗಳು, ನಾಲ್ಕು ವರ್ಷದ ಮೊಮ್ಮಗ, ಎಪ್ಪತ್ತನಾಲ್ಕು ವರ್ಷದ ಅಜ್ಜಿ. ಅಜ್ಜಿಗೆ ಮಂಡಿನೋವು. ಎರಡು ವರ್ಷ ಉಳಿತಾಯ ಮಾಡಿದ ಹಣದಲ್ಲಿ ಒಂದು ಸಮುದ್ರಯಾನ ಮಾಡುವುದೆಂದು ನಿಶ್ಚಯವಾಗಿತ್ತು. ಮೊಮ್ಮಗಳಿಗೆ ಅತ್ಯಂತ ದೊಡ್ಡ ಹಡಗೇ ಬೇಕು. ಮಗನಿಗೆ ಹತ್ತಿರದ್ದಾದರೆ ಸಾಕು. ಮಾತು ಬೆಳೆಯುತ್ತ ಬೆಳೆಯುತ್ತ, ಅಜ್ಜಿಯನ್ನು ಮೈಸೂರಿನ ಮಗಳ ಮನೆಯಲ್ಲಿ ಬಿಟ್ಟು ಹೋದರೆ ಎಲ್ಲವೂ ಸುಲಭವಾಗುತ್ತದೆ ಎಂಬಲ್ಲಿಗೆ ಬಂದು ನಿಂತಿತು. ಈ ವಿಷಯವನ್ನು ಅಷ್ಟಿಷ್ಟು ಓದಿಕೊಂಡಿದ್ದ ನನ್ನನ್ನು ಪಂಚಾಯತಿಗೆ ಕರೆದರು. ಮೇಜಿನ ಮೇಲೆ ಬಣ್ಣ ಬಣ್ಣದ ಪುಸ್ತಿಕೆಗಳಿದ್ದವು. ಬಹಳ ಹೊತ್ತು ಸುಮ್ಮನಿದ್ದ ಅಜ್ಜಿ ಒಂದೇ ಮಾತು ಕೇಳಿದರು: “ರಾಯರೇ, ಮಲಗುವ ಕೋಣೆಯಿಂದ ಊಟದ ಮನೆಗೆ ಎಷ್ಟು ದೂರ ನಡೆಯಬೇಕು?” ಅಷ್ಟು ಪುಸ್ತಿಕೆಗಳಲ್ಲಿ ಒಂದರಲ್ಲಿಯೂ ಅದಕ್ಕೆ ಉತ್ತರವಿರಲಿಲ್ಲ.

ಆ ದಿನ ನಮ್ಮ ಮುಂದಿದ್ದ ಹಡಗುಗಳು ಮುಖ್ಯವಾಗಿ ಎರಡು. ಒಂದು, ‘ಎಂಪ್ರೆಸ್’. ಇದನ್ನು ಫ್ರಾನ್ಸಿನ ಸೇಂಟ್ ನಜೇರಿನಲ್ಲಿ ಕಟ್ಟಿದರು. 1990ರಲ್ಲಿ ‘ನಾರ್ಡಿಕ್ ಎಂಪ್ರೆಸ್’ ಎಂಬ ಹೆಸರಿನಿಂದ ಸಂಚಾರಕ್ಕೆ ಬಂದಿತು. ಕಾರ್ಡೀಲಿಯಾ ಸಂಸ್ಥೆಯವರು ಅದನ್ನು ಕೊಂಡು 2021ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಯಾನವನ್ನು ಆರಂಭಿಸಿದರು. ಗೋವೆ, ಕೊಚ್ಚಿ, ಲಕ್ಷದ್ವೀಪಗಳು ಅದರ ದಾರಿಯಲ್ಲಿ ಬಂದ ಸ್ಥಳಗಳು. ಮತ್ತೊಂದು, ಜರ್ಮನಿಯ ಪಾಪೆನ್‌ಬುರ್ಗಿನಲ್ಲಿ ಕಟ್ಟಿದ ‘ಗೆಂಟಿಂಗ್ ಡ್ರೀಮ್’. ಅದು 2016ರ ಹಡಗು. 2022ರ ಜೂನಿನಲ್ಲಿ ಹೊಸ ಸಂಸ್ಥೆಯ ಆಡಳಿತಕ್ಕೆ ಬಂದು ಸಿಂಗಪುರದಿಂದ ಯಾನ ಹೊರಟಿತು. ಮೊದಲನೆಯದರ ಉದ್ದ 211 ಮೀಟರು, ಎರಡನೆಯದರದು 335 ಮೀಟರು. ಮೊಮ್ಮಗಳು ಹಂಬಲಿಸುತ್ತಿದ್ದ ಮೂರನೆಯದು 2024ರ ಜನವರಿಯಲ್ಲಿ ಅಮೆರಿಕದ ಮಯಾಮಿಯಿಂದ ಹೊರಟ ‘ಐಕಾನ್ ಆಫ್ ದಿ ಸೀಸ್’. ಅದರ ಉದ್ದ 365 ಮೀಟರು. ನಮ್ಮ ಖರ್ಚಿಗೆ ಅದು ಎಟುಕದಿದ್ದರೂ ಹೋಲಿಕೆಗೆ ಉಪಯೋಗಕ್ಕೆ ಬಂದಿತು.

ಹಡಗಿನ ದೊಡ್ಡಸ್ತಿಕೆಯನ್ನು ಟನ್ನುಗಳಲ್ಲಿ ಹೇಳುವ ರೂಢಿಯುಂಟು. ಇದನ್ನು ಕೇಳಿದವರು ಹಡಗಿನ ತೂಕವೆಂದು ಭಾವಿಸುತ್ತಾರೆ, ಅದು ತಪ್ಪು. ಒಟ್ಟು ಟನ್ನೇಜೆಂಬುದು ಹಡಗಿನ ಒಳಗಿರುವ ಅವಕಾಶದ ಅಳತೆ. ಹಿಂದೆ ಹಡಗಿನಲ್ಲಿ ಎಷ್ಟು ಪೀಪಾಯಿ ದ್ರಾಕ್ಷಾರಸ ಹಿಡಿಯುತ್ತದೆಂದು ಎಣಿಸುತ್ತಿದ್ದ ವ್ಯಾಪಾರಿಗಳಿಂದ ಆ ಮಾತು ಬಂದಿತು. ಈ ಅಂಕಿಯನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿದರೆ ತಲೆಗೆ ಎಷ್ಟು ಜಾಗ ಬರುತ್ತದೆಂಬುದು ತಿಳಿಯುತ್ತದೆ. ಎಂಪ್ರೆಸ್ಸಿನದು 48,563 ಟನ್ನು, ಕೋಣೆಗೆ ಇಬ್ಬರಂತೆ ಸುಮಾರು 1,600 ಜನ, ಭಾಗಲಬ್ಧ 30. ಗೆಂಟಿಂಗ್ ಡ್ರೀಮಿನದು 1,50,695 ಟನ್ನು, 3,352 ಜನ, ಭಾಗಲಬ್ಧ 45. ಐಕಾನಿನದು 2,48,663 ಟನ್ನು, 5,610 ಜನ, ಭಾಗಲಬ್ಧ 44. ಎಂದರೆ ಅತ್ಯಂತ ದೊಡ್ಡ ಹಡಗಿನಲ್ಲಿ ಒಬ್ಬನ ಪಾಲಿಗೆ ಬರುವ ಜಾಗ ಅದಕ್ಕಿಂತ ಬಹಳ ಚಿಕ್ಕದಾದ ಹಡಗಿನಲ್ಲಿ ಬರುವುದಕ್ಕಿಂತ ಕೂದಲೆಳೆಯಷ್ಟೂ ಹೆಚ್ಚಲ್ಲ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕೋಣೆಗೆ ಇಬ್ಬರೆಂಬುದು ಕಾಗದದ ಲೆಕ್ಕ. ಶಾಲೆಗೆ ರಜ ಬಂದಾಗ ಗೋಡೆಯಿಂದ ಇಳಿಬಿಡುವ ಮೇಲುಹಾಸಿಗೆಗಳಲ್ಲಿ ಮಕ್ಕಳು ಮಲಗುತ್ತಾರೆ. ಐಕಾನಿನಲ್ಲಿ ಎಲ್ಲ ಹಾಸಿಗೆಗಳೂ ತುಂಬಿದರೆ 7,600 ಜನ. ಆಗ 44 ಇದ್ದದ್ದು 33ಕ್ಕೆ ಇಳಿಯುತ್ತದೆ. ಸಂಸಾರಸ್ಥರು ಹೊರಡುವುದು ರಜದಲ್ಲಿಯೇ. ಸಂಸಾರಗಳಿಗಾಗಿಯೇ ಕಟ್ಟಿದ ಹಡಗು ಸಂಸಾರಗಳಿಂದ ತುಂಬಿದಾಗ ಅತ್ಯಂತ ಇಕ್ಕಟ್ಟಾಗುತ್ತದೆ. ಈಜುಕೊಳದ ಪಕ್ಕದ ಕುರ್ಚಿಗೂ ಲಿಫ್ಟಿನ ಬಾಗಿಲಿಗೂ ಕಾಯುವ ಸಾಲನ್ನು ಯಾವ ಪುಸ್ತಿಕೆಯ ಚಿತ್ರದಲ್ಲಿಯೂ ಬರೆದಿರುವುದಿಲ್ಲ.

ಇನ್ನು ಕಡಲಿನ ಓಲಾಟ. ದೊಡ್ಡ ಹಡಗು ಚಿಕ್ಕದರಷ್ಟು ಓಲಾಡುವುದಿಲ್ಲವೆಂಬುದು ಸಾಮಾನ್ಯವಾಗಿ ನಿಜ. ನೀರಿನೊಳಗೆ ಎರಡು ಪಕ್ಕಗಳಿಂದ ಚಾಚುವ ರೆಕ್ಕೆಗಳು ಹಡಗು ಆ ಬದಿಗೂ ಈ ಬದಿಗೂ ಹೊರಳುವುದನ್ನು ಬಹಳ ಮಟ್ಟಿಗೆ ತಗ್ಗಿಸುತ್ತವೆ. ಮೂತಿ ಏರಿ ಇಳಿಯುವುದನ್ನು ಅವು ತಡೆಯಲಾರವು. ಆದರೆ ಹಡಗಿನಷ್ಟೇ ಮುಖ್ಯವಾದದ್ದು ಕಡಲು. ಸಿಂಗಪುರದಿಂದ ಪೆನಾಂಗಿನ ಕಡೆಗೆ ಹೋಗುವ ಮಲಕ್ಕಾ ಜಲಸಂಧಿಗೆ ಎರಡು ಕಡೆಯೂ ನೆಲದ ಮರೆಯುಂಟು. ಮುಂಬಯಿಯಿಂದ ಲಕ್ಷದ್ವೀಪಕ್ಕೆ ಹೋಗುವವರು ತೆರೆದ ಅರಬ್ಬೀ ಸಮುದ್ರವನ್ನು ಕಾಣಬೇಕು. ಮುಂಗಾರಿನ ತಿಂಗಳುಗಳಲ್ಲಿ ಆ ಕಡಲಿನ ಸ್ವಭಾವವೇನೆಂಬುದನ್ನು ಕರಾವಳಿಯವರು ಬಲ್ಲರು. ಓಕರಿಕೆಗೆ ಹೆದರುವವರು ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೋಣೆಯನ್ನು ಕೇಳಿ ಪಡೆಯಬೇಕು. ತೊಟ್ಟಿಲ ನಡುವೆ ಮಲಗಿದ ಮಗುವಿಗೂ ತುದಿಯಲ್ಲಿ ಕುಳಿತ ಗಿಳಿಗೂ ತೂಗುವುದು ಒಂದೇ ಸಮನಲ್ಲ.

ಊಟದ ವಿಚಾರವನ್ನು ನಮ್ಮವರು ಮೊದಲು ಕೇಳುತ್ತಾರೆ. ಈ ಎರಡು ಹಡಗುಗಳಲ್ಲಿಯೂ ಸಸ್ಯಾಹಾರಿಗಳಿಗೂ ಜೈನರಿಗೂ ಬೇರೆ ಅಡಿಗೆಯ ಏರ್ಪಾಡಿದೆ. ತಿಳಿಸಾರು ಅನ್ನ ದಿನವೂ ದೊರೆಯುತ್ತದೆಂದು ಮಾತ್ರ ನಂಬಬಾರದು. ಮಕ್ಕಳ ವಿಚಾರದಲ್ಲಿ ವಯಸ್ಸಿನ ಕಟ್ಟಳೆಯನ್ನು ನೋಡಬೇಕು. ಬಹಳ ಹಡಗುಗಳು ಆರು ತಿಂಗಳಿಗಿಂತ ಸಣ್ಣ ಕೂಸನ್ನು ಹತ್ತಿಸಿಕೊಳ್ಳುವುದಿಲ್ಲ. ಮಕ್ಕಳ ಆಟದ ಮನೆಗೆ ಬಿಡಲು ಸಾಮಾನ್ಯವಾಗಿ ಮೂರು ವರ್ಷವಾಗಿರಬೇಕು. ಹದಿಮೂರರ ಹುಡುಗಿಗೂ ನಾಲ್ಕರ ಹುಡುಗನಿಗೂ ಬೇರೆ ಬೇರೆ ಸ್ಥಳಗಳಿರುತ್ತವೆ. ಅವು ಹಡಗಿನ ಎರಡು ಕೊನೆಗಳಲ್ಲಿದ್ದರೆ ತಾಯಿಯ ವಿಹಾರವೆಲ್ಲ ಓಡಾಟದಲ್ಲಿ ಮುಗಿಯುತ್ತದೆ. ಟಿಕೆಟ್ಟಿನ ಹಣದಲ್ಲಿ ಕೋಣೆ, ಊಟ, ಬಹುಪಾಲು ಮನೋರಂಜನೆ ಸೇರಿರುತ್ತವೆ. ಸೇವಕರ ಭಕ್ಷೀಸು, ಇಂಟರ್ನೆಟ್ಟು, ದಡದ ಮೇಲಿನ ಸುತ್ತಾಟ, ವೈದ್ಯರ ಫೀಜು ಬಹಳ ಕಡೆ ಬೇರೆ. ಸಿಂಗಪುರದ ಯಾನಕ್ಕೆ ವಿಮಾನದ ದರವೂ, ಹೊರಗೆ ಹೋಗಿ ಮತ್ತೆ ಒಳಗೆ ಬರಲು ಅವಕಾಶ ಕೊಡುವ ವೀಸಾವೂ ಸೇರಬೇಕು.

ಹಿರಿಯರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇಳಿಯುವ ರೀತಿ. ಪೆನಾಂಗಿನಂತಹ ಬಂದರಿನಲ್ಲಿ ಹಡಗು ಧಕ್ಕೆಗೆ ತಗುಲಿ ನಿಲ್ಲುತ್ತದೆ. ಸೇತುವೆಯ ಮೇಲೆ ನಡೆದು ಬರಬಹುದು. ಲಕ್ಷದ್ವೀಪದಲ್ಲಿ ದೊಡ್ಡ ಹಡಗು ಹವಳದ ದಿಬ್ಬದ ಹೊರಗೇ ಲಂಗರು ಹಾಕಬೇಕು. ಅಲ್ಲಿಂದ ಅಲೆಗೆ ಏರಿ ಇಳಿಯುವ ದೋಣಿಗೆ ಕಾಲಿಟ್ಟು ದಡಕ್ಕೆ ಹೋಗಬೇಕು. ಫುಕೆಟ್ಟಿನಲ್ಲಿಯೂ ಹೀಗೆ ದೋಣಿಯಲ್ಲಿ ಇಳಿಸುವುದುಂಟು. ಮಂಡಿನೋವಿನವರಿಗೆ ಆ ಒಂದು ಹೆಜ್ಜೆ ಇಡೀ ದ್ವೀಪವನ್ನೇ ಮುಚ್ಚಿಬಿಡಬಹುದು. ಮಿಕ್ಕವರೆಲ್ಲ ದಡದಲ್ಲಿ ನಲಿಯುತ್ತಿರುವಾಗ ಅವರು ಕಂಬಿಯ ಹಿಂದೆ ಒಬ್ಬರೇ ಕುಳಿತಿರಬೇಕಾಗುತ್ತದೆ.

ಅಪಾಯದ ಮಾತನ್ನು ಆಡದೆ ಮುಗಿಸುವುದು ಸರಿಯಲ್ಲ. 2012ರ ಜನವರಿ 13ರ ರಾತ್ರಿ ಇಟಲಿಯ ಜೀಲ್ಯೋ ದ್ವೀಪದ ಬಳಿ ‘ಕೋಸ್ಟಾ ಕಾಂಕಾರ್ಡಿಯಾ’ ಎಂಬ ವಿಹಾರ ನೌಕೆ ಬಂಡೆಗೆ ಬಡಿದು ಮಗುಚಿ, 32 ಜನ ಸತ್ತರು. ಆ ಸಂಜೆ ಹತ್ತಿದ ಪ್ರಯಾಣಿಕರಿಗೆ ರಕ್ಷಣೆಯ ಕವಾಯಿತು ಇನ್ನೂ ಆಗಿರಲಿಲ್ಲ. ಹಡಗು ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ಅದು ನಡೆಯಬೇಕೆಂಬ ಅಂತರರಾಷ್ಟ್ರೀಯ ನಿಯಮ 2015ರಿಂದ ಜಾರಿಗೆ ಬಂದಿದೆ. ಏಳು ಕಿರುಕೂಗು, ಆಮೇಲೆ ಒಂದು ನಿಡುಗೂಗು: ಇದು ಎಲ್ಲರೂ ಕೂಡಬೇಕೆಂಬ ಸಂಜ್ಞೆ. ಕವಾಯಿತನ್ನು ಬೇಸರದಿಂದ ತಪ್ಪಿಸಿಕೊಳ್ಳುವವರು ತಮ್ಮ ಕೋಣೆಯಿಂದ ಕೂಡುವ ಸ್ಥಳಕ್ಕೆ ಮನೆಯ ಹಿರಿಯರು ಎಷ್ಟು ಹೊತ್ತಿನಲ್ಲಿ ನಡೆದಾರೆಂದು ಒಮ್ಮೆ ನಡೆಸಿ ನೋಡಬೇಕು. ಅಪಾಯದ ವೇಳೆಯಲ್ಲಿ ಲಿಫ್ಟನ್ನು ನಂಬುವಂತಿಲ್ಲ.

ನಮ್ಮ ಸುಖವನ್ನು ಹೊತ್ತವರನ್ನೂ ಇಲ್ಲಿ ನೆನೆಯಬೇಕು. ಐಕಾನಿನಂತಹ ಹಡಗಿನಲ್ಲಿ ಕೆಲಸ ಮಾಡುವವರೇ ಸುಮಾರು 2,350 ಮಂದಿ. ನಾವಿಕರ ದುಡಿಮೆಯ ಬಗ್ಗೆ 2006ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದಲ್ಲಿ, ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಕೊಡಬೇಕೆಂಬ ಕಟ್ಟಳೆಯಿದೆ. ಭಾರತವು 2015ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಈ ಲೆಕ್ಕವನ್ನು ತಿರುಗಿಸಿ ನೋಡಿದರೆ ದುಡಿಮೆ ಎಷ್ಟು ದೀರ್ಘವಾಗಬಹುದೆಂಬುದು ತಿಳಿಯುತ್ತದೆ. ಹಾಸಿಗೆ ಹಾಸುವ ಹುಡುಗ ತನ್ನ ಮನೆಯ ಹಿರಿಯರನ್ನು ಕಂಡು ತಿಂಗಳುಗಳೇ ಆಗಿರಬಹುದು. ಅವನ ಹೆಸರು ಹಿಡಿದು ಕರೆದು ಒಂದು ಒಳ್ಳೆಯ ಮಾತನಾಡುವುದಕ್ಕೆ ಟಿಕೆಟ್ಟು ಬೇಕಾಗಿಲ್ಲ.

ಆ ಮನೆಯ ಪಂಚಾಯತಿ ಹೇಗೆ ಮುಗಿಯಿತೆಂದು ಕೇಳುವಿರಿ. ಅಜ್ಜಿಯ ಪ್ರಶ್ನೆಯನ್ನೇ ಹಿಡಿದು ನಾವು ಹಡಗಿನ ನಕ್ಷೆಗಳನ್ನು ಹರಡಿಕೊಂಡೆವು. ಮೊದಲು ಕೋಣೆಯನ್ನು ಹುಡುಕಿದೆವು; ಹಡಗು ಆಮೇಲೆ. ಲಿಫ್ಟಿಗೆ ಹತ್ತಿರ, ನಡುಭಾಗದಲ್ಲಿ, ಊಟದ ಶಾಲೆಗೆ ಸಮೀಪವಾಗಿ, ನಡುವೆ ಬಾಗಿಲಿರುವ ಎರಡು ಕೋಣೆಗಳು, ಧಕ್ಕೆಗೆ ತಗುಲುವ ಬಂದರುಗಳು, ಮರೆಯುಳ್ಳ ಕಡಲು. ಇಷ್ಟೂ ಸಿಂಗಪುರದಿಂದ ಪೆನಾಂಗಿಗೆ ಹೋಗಿ ಬರುವ ಮೂರು ರಾತ್ರಿಯ ಯಾನದಲ್ಲಿ ಕೂಡಿಬಂದುವು. ಅಜ್ಜಿಯ ಮಂಡಿ ಗಟ್ಟಿಯಾಗಿದ್ದು, ಕೈಯಲ್ಲಿ ಹಣ ಕಡಮೆಯಿದ್ದರೆ, ಪಾಸ್‌ಪೋರ್ಟಿನ ಗೋಜಿಲ್ಲದ ಮುಂಬಯಿಯ ಹಡಗೇ ಮೇಲೆಂದು ನಾನು ಹೇಳುತ್ತಿದ್ದೆ. ಹಡಗುಗಳಲ್ಲಿ ಮೇಲು ಕೀಳೆಂಬುದು ಹತ್ತುವವರನ್ನು ನೋಡಿ ತೀರ್ಮಾನವಾಗತಕ್ಕ ವಿಷಯ.

ಅವರು ಹಿಂದಿರುಗಿದ ಮೇಲೆ ಏನು ನೋಡಿದಿರೆಂದು ಅಜ್ಜಿಯನ್ನು ಕೇಳಿದೆ. ಕಡಲಿನ ವರ್ಣನೆಯನ್ನು ನಿರೀಕ್ಷಿಸಿದ್ದೆ. “ಮೂರು ರಾತ್ರಿಯೂ ಐದು ಜನ ಒಂದೇ ಮೇಜಿನಲ್ಲಿ ಕುಳಿತು ಉಂಡೆವು, ರಾಯರೇ. ಇಲ್ಲಿ ಹಬ್ಬದ ದಿನ ಬಿಟ್ಟರೆ ಅದಾಗುವುದಿಲ್ಲ” ಎಂದರು. ಆಮೇಲೆ ಕೋಣೆಯಿಂದ ಊಟದ ಶಾಲೆಗೆ ತೊಂಬತ್ತೆರಡು ಹೆಜ್ಜೆ ಎಂದೂ, ದಾರಿಯುದ್ದಕ್ಕೂ ಹಿಡಿದುಕೊಳ್ಳಲು ಕಂಬಿಯಿತ್ತೆಂದೂ ಹೇಳಿದರು. ಹೊರಡಲಿರುವ ಶ್ರೋತೃಗಳು ಪುಸ್ತಿಕೆಗಳನ್ನು ಮುಂದಿಟ್ಟುಕೊಂಡು ಕುಳಿತಾಗ, ಮನೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕೆಂದು ಕೇಳಿಕೊಂಡು ನನ್ನ ಮಾತನ್ನು ಮುಗಿಸುತ್ತೇನೆ.