ಲಾರಿಯ ಮೂಲ ಬಣ್ಣ

ಕಮಲಾಪುರದ ಕೆಂಬಾಳೆಯನ್ನು ಕಲಬುರಗಿಗೆ ಹೊರುತ್ತಿದ್ದ ನಮ್ಮ ತಂದೆಯವರ ಟಾಟಾ ಮರ್ಸಿಡಿಸ್-ಬೆಂಜ್ ಲಾರಿಯ ಜೀರ್ಣೋದ್ಧಾರಕ್ಕೆ ಕೈಹಾಕಿದಾಗ ಎದ್ದ ಮೊದಲ ಪ್ರಶ್ನೆ, ಅದರ ಮೂಲ ಬಣ್ಣ ಯಾವುದೆಂಬುದು. ಆ ಎರಡು ಕಂಪನಿಗಳ ಒಪ್ಪಂದ 1954ರಿಂದ 1969ರವರೆಗಿನದು. ಲಾರಿಯ ವಯಸ್ಸನ್ನು ಅದರಿಂದಲೇ ಊಹಿಸಬಹುದು. ಬಣ್ಣಕ್ಕೆ ಅವ್ವನೊಬ್ಬಳೇ ಸಾಕ್ಷಿ: “ಹಸರೇ ಇತ್ತಪ್ಪಾ, ನಾ ನೋಡೀನಿ.”

ಕಲಬುರಗಿಯ ಪೇಂಟರು ಪಾಲಿಶ್ ಕಾಗದವನ್ನು ನೀರಿನಲ್ಲದ್ದಿ ಬಾಗಿಲನ್ನು ರೂಪಾಯಿಯಗಲ ತಿಕ್ಕಿದರು. ಕಡಿದ ಮರದ ಉಂಗುರಗಳಂತೆ ಪದರಗಳು ತೆರೆದುಕೊಂಡವು: ನೀಲಿ, ಕೆಂಪು, ಎಲ್ಲಕ್ಕೂ ಅಡಿಯಲ್ಲಿ ಹಸಿರು. ಅವ್ವ ಗೆದ್ದಳೆಂದುಕೊಂಡೆ.

ಆದರೆ ಅಂದಿನ ಲಾರಿಗಳು ಜಮ್‌ಷೆಡ್‌ಪುರದಿಂದ ಬಹುಮಟ್ಟಿಗೆ ಬಾನೆಟ್ಟು ಹೊತ್ತ ಬರಿಯ ಚಾಸಿಗಳಾಗಿ ಬರುತ್ತಿದ್ದವು; ಕ್ಯಾಬಿನ್ನು ಊರ ಬಡಗಿಗಳ ಕೈಕೆಲಸ. ಕಾರ್ಖಾನೆಯನ್ನೇ ಕಾಣದ ಬಾಗಿಲು ಅದರ ಬಣ್ಣಕ್ಕೆ ಸಾಕ್ಷಿ ನುಡಿದೀತೆ? ಬಾನೆಟ್ಟನ್ನು ತಿಕ್ಕಿದೆವು. ಹಸಿರಿನ ಕೆಳಗೆ ಬೂದು! ಅನಂತರ ಯಾವ ಕುಂಚವೂ ಮುಟ್ಟದ ಜಾಗವೆಂದು ನಂಬರಿನ ತಗಡನ್ನು ಬಿಚ್ಚಿದರೆ, ಅಲ್ಲಿ ಹಳದಿ ಬೆರೆತ ಬೂದು. ಬಿಸಿಲು ಕಾಣದ ಎನಾಮೆಲ್ ಹಳದಿಗಟ್ಟುವುದುಂಟು. ಕೆಲವು ದಿನ ಬೆಳಕಿಗೊಡ್ಡಿದ ಮೇಲೆ ಎರಡೂ ಹೊಂದಿದವು.

ಎಂದರೆ ಕಾರ್ಖಾನೆಯ ಬೂದು, ಒಂದು ಗೊನೆಯನ್ನೂ ಹೊರುವ ಮೊದಲೇ ಹಸಿರಿನಡಿ ಸೇರಿತ್ತು. ಬಾನೆಟ್ಟಿಗಾದರೂ ಬೂದೇ ನ್ಯಾಯವೆಂದರು ಪೇಂಟರು. ನಾನು ಎಲ್ಲಕ್ಕೂ ಹಸಿರನ್ನೇ ಬಳಿಸಿದೆ. ತಗಡಿನಡಿಯ ಬೂದನ್ನು ಮಾತ್ರ ಮುಟ್ಟಗೊಡಲಿಲ್ಲ.